ವೆನಿಂಗ್‌ಗೆ ಎಡಗಾಲು ನೋವು

"ಇನ್ನೆಷ್ಟು ದೂರ ಅಣ್ಣಾ?"

ಎಲೆಕೋಸಿನ ಬುಟ್ಟಿ ಹೊತ್ತು ಎದುರಿನಿಂದ ಇಳಿದು ಬರುತ್ತಿದ್ದವನನ್ನು ವೆನಿಂಗ್ ಕೇಳಿದಳು. ಕೇಳುವಷ್ಟು ಉಸಿರು ಅವಳಲ್ಲಿ ಉಳಿದಿದ್ದೇ ಹೆಚ್ಚು.

"ಹತ್ರಾನೇ! ಇನ್ನೆರಡೇ ತಿರುವು," ಅಂದು ಅವನು ನಕ್ಕ. ನಕ್ಕು ಇಳಿದು ಹೋದ. ಇಳಿಯುವವರಿಗೇನು ಕಷ್ಟ!

ವೆನಿಂಗ್ ಸೈಕಲ್ ತುಳಿದು ಎರಡು ತಿರುವು ಹತ್ತಿದಳು. ಎರಡನೆಯದರ ಆಚೆ ರಸ್ತೆ ಮೊದಲಿಗಿಂತ ಕಡಿದಾಗಿ ಮೇಲಕ್ಕೆ ಹೋಗಿತ್ತು. ಅದರಾಚೆ ಇನ್ನೊಂದು ತಿರುವು. ಅದರಾಚೆ ಬರೀ ಮಂಜು.

"ಸುಳ್ಳ!" ಅಂದಳು ವೆನಿಂಗ್.

"ಯಾರಮ್ಮ?" ಹಿಂದಿನಿಂದ ಹರ್ಜೊ ದೊಡ್ಡಪ್ಪ ಕೇಳಿದರು.

"ಎಲ್ಲರೂ! ಬೆಳಿಗ್ಗೆಯಿಂದ ಯಾರನ್ನ ಕೇಳಿದ್ರೂ ಹತ್ರಾನೇ, ಹತ್ರಾನೇ. ಬಲೂನ್ ಮಾರೋನೂ ಹಾಗೇ ಅಂದ. ಬಾಳೆಹಣ್ಣಿನ ಆಂಟೀನೂ ಹಾಗೇ ಅಂದ್ರು."

"ಸುಸ್ತಾದೋರಿಗೆ 'ಇನ್ನೂ ದೂರ ಇದೆ' ಅಂತ ಹೇಗೆ ಹೇಳ್ತಾರೆ ಮಗಳೇ? ಹೇಳಿದ್ರೆ ನೀನು ಅಲ್ಲೇ ಕೂತ್ಬಿಡ್ತಿದ್ದೆ."

"ಕೂತ್ಕೊಳ್ಳೋಕೇ ಕೇಳ್ತಿರೋದು!"

ದೊಡ್ಡಪ್ಪ ನಗಲಿಲ್ಲ. ಅವರೂ ಏದುಸಿರು ಬಿಡುತ್ತಿದ್ದರು. ಆದರೆ ವೆನಿಂಗ್‌ಗೆ ತನ್ನ ಉಸಿರಿನ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ.

ಜಾವಾದ ಬೆಕಾಸಿ ಊರಿನ ಸೈಕಲ್ ಗುಂಪು ಚಿರೆಬೊನ್‌ನಿಂದ ಯೋಗ್ಯಕರ್ತಕ್ಕೆ ಹೊರಟು ಇದು ನಾಲ್ಕನೇ ದಿನ. ಮೊದಲ ಮೂರು ದಿನ ವೆನಿಂಗ್ ಹಾಡಿಕೊಂಡು ಬಂದಿದ್ದಳು. ಗದ್ದೆ, ಊರು, ಸೇತುವೆ, ಮತ್ತೆ ಗದ್ದೆ. ಇವತ್ತು ಮಾತ್ರ ದಾರಿ ಎರಡು ಬೆಟ್ಟಗಳ ನಡುವಿನ ಘಾಟಿಗೆ ಹತ್ತತೊಡಗಿತ್ತು. ಹಾಡು ಎಲ್ಲಿ ನಿಂತಿತು ಅನ್ನುವುದು ಅವಳಿಗೇ ನೆನಪಿಲ್ಲ.

ಗುಂಪಿನ ಮುಂದೆ ಅಪ್ಪ ಇರುತ್ತಿದ್ದರು. ಗುಂಪಿಗೆ ಅವರೇ ಕ್ಯಾಪ್ಟನ್. ಎಲ್ಲರಿಗಿಂತ ಹಿಂದೆ ಹರ್ಜೊ ದೊಡ್ಡಪ್ಪ. ಅವರು ಯಾರಿಗೂ ಸ್ವಂತ ದೊಡ್ಡಪ್ಪ ಅಲ್ಲ, ಆದರೆ ಬೀದಿಗೆಲ್ಲ ದೊಡ್ಡಪ್ಪ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಗುಂಪಿನ ಸ್ವೀಪರ್ ಅವರೇ. ಯಾರು ಕೊನೆಯಲ್ಲಿ ಇರುತ್ತಾರೋ ಅವರ ಹಿಂದೆ ಸ್ವೀಪರ್ ಇರಬೇಕು, ಯಾರನ್ನೂ ಬಿಟ್ಟು ಮುಂದೆ ಹೋಗಬಾರದು. ಅದೇ ರೂಲ್ಸ್.

"ನಾನು ಪೊರಕೆ," ಅನ್ನುತ್ತಿದ್ದರು ದೊಡ್ಡಪ್ಪ. "ಬಾಲ ಎಲ್ಲೋ ಪೊರಕೆ ಅಲ್ಲಿ."

ಇವತ್ತು ಬಾಲ ಅಂದರೆ ವೆನಿಂಗ್.

ಸಾಮಾನು ಹೊರುವುದಕ್ಕೆ ಗುಂಪಿನ ಜೊತೆ ಒಂದು ಪಿಕಪ್ ಇತ್ತು. ಕೈಲಾಗದವರು ಸೈಕಲ್ ಸಮೇತ ಅದನ್ನು ಹತ್ತಬಹುದು. ಅದಕ್ಕೆ 'ಲೋಡಿಂಗ್' ಅಂತ ಹೆಸರು. ಹತ್ತಿದವರನ್ನು ಯಾರೂ ಬೈಯುವುದಿಲ್ಲ. ಆದರೆ ದಾರಿಯುದ್ದಕ್ಕೂ ಒಂದು ಸಲವೂ ಲೋಡಿಂಗ್ ಆಗದೆ ತುಳಿದವರಿಗೆ ಕೊನೆಯ ದಿನ ಅಂಗಿಗೆ ಹೊಲಿಯುವ ಒಂದು ಹಳದಿ ಬಟ್ಟೆಯ ತುಂಡು ಸಿಗುತ್ತದೆ. ಅದರ ಮೇಲೆ 'ಫುಲ್ ಗೊವೆಸ್' ಅಂತ ಬರೆದಿರುತ್ತದೆ. ಪೂರ್ತಿ ತುಳಿದವರು ಅಂತ ಅರ್ಥ. ನಡುವೆ ಇಳಿದು ಸೈಕಲ್ ನೂಕಿಕೊಂಡು ನಡೆದರೂ ತಪ್ಪಿಲ್ಲ. ಪಿಕಪ್ ಮಾತ್ರ ಹತ್ತಬಾರದು.

ಆ ಬಟ್ಟೆಯ ತುಂಡು ವೆನಿಂಗ್‌ಗೆ ಬೇಕಿತ್ತು. ತುಂಬಾ ಬೇಕಿತ್ತು. ರಜೆ ಮುಗಿದು ಆರನೇ ಕ್ಲಾಸಿಗೆ ಹೋಗುವಾಗ ಅದನ್ನು ಬ್ಯಾಗಿಗೆ ಹೊಲಿಸಬೇಕು ಅಂತ ಜಾಗ ಕೂಡ ನೋಡಿಟ್ಟಿದ್ದಳು.

ಬೆಳಿಗ್ಗೆ ಹೊರಡುವಾಗ ಅಪ್ಪ ಎಲ್ಲರಿಗೂ ಹೇಳಿದ್ದರು. "ಇವತ್ತು ಶುಕ್ರವಾರ. ಘಾಟಿಯ ತುದೀಲಿ ಮಸೀದಿ ಇದೆ. ಮಧ್ಯಾಹ್ನದ ನಮಾಜಿಗೆ ಮೊದಲು ಎಲ್ಲರೂ ಅಲ್ಲಿರಬೇಕು. ಲೇಟಾದೋರು ಲೋಡಿಂಗ್. ನನ್ನ ಮಗಳಾದ್ರೂ ಅಷ್ಟೇ."

ಪಕ್ಕದ ಮನೆಯ ಸತ್ರಿಯೊ ಅವಳಿಗಿಂತ ಎರಡು ವರ್ಷ ದೊಡ್ಡವನು, ಎರಡು ಪಟ್ಟು ಬಾಯಿ. ಮೊದಲನೇ ಏರಿನಲ್ಲೇ ಅವಳನ್ನು ದಾಟಿ ಹೋಗುತ್ತಾ ಕೂಗಿದ್ದ. "ವೆನಿಂಗ್! ಪಿಕಪ್‌ನಲ್ಲಿ ಕಿಟಕಿ ಪಕ್ಕದ ಸೀಟ್ ಹಿಡಿದಿಡ್ಲಾ?"

"ನಿಂಗೇ ಇಟ್ಕೋ!" ಅಂದಿದ್ದಳು ಇವಳು. ಆಗ ಇನ್ನೂ ಮಾತಾಡುವ ಶಕ್ತಿ ಇತ್ತು.

ಈಗ ತೊಡೆ ಉರಿಯುತ್ತಿತ್ತು, ಕೈ ಜೋಮು ಹಿಡಿದಿತ್ತು. ಕೋಸು, ಕ್ಯಾರೆಟ್ ತುಂಬಿದ ಲಾರಿಗಳು ಪಕ್ಕದಲ್ಲೇ ಗುರ್ ಅಂತ ಹತ್ತಿ ಹೋಗುತ್ತಿದ್ದವು. ರಸ್ತೆಯ ಎರಡೂ ಕಡೆ ಹೊಗೆಸೊಪ್ಪಿನ ಹೊಲ. ನಡುನಡುವೆ ಮನೆಗಳು. ಪ್ರತಿ ಮನೆಯ ಜಗಲಿಯಿಂದಲೂ ಯಾರಾದರೊಬ್ಬರು ಕೂಗುತ್ತಿದ್ದರು.

"ಬಂದು ಹೋಗಿ!"

"ಆಗ್ಲಿ, ಇನ್ನೊಂದ್ಸಲ!" ಅನ್ನುತ್ತಿದ್ದರು ದೊಡ್ಡಪ್ಪ, ತಲೆ ಬಾಗಿಸಿ, ನಗುತ್ತಾ.

ಮುಂದಿನ ಮನೆ. "ಬಂದು ಹೋಗಿ!"

"ಇನ್ನೊಂದ್ಸಲ, ಇನ್ನೊಂದ್ಸಲ!"

ವೆನಿಂಗ್‌ಗೆ ರೇಗಿತು. ಕರೆಯುವವರು ಇಷ್ಟು ಜನ ಇದ್ದಾರೆ. ಒಂದು ಮನೆಗಾದರೂ ಹೋಗಿ ಕೂತರೆ ಗಂಟೇನು ಹೋಗುತ್ತದೆ? ಬೆಕಾಸಿಯ ಅವಳ ಬೀದಿಯಲ್ಲಿ ಗೇಟುಗಳೆಲ್ಲ ಯಾವಾಗಲೂ ಮುಚ್ಚಿರುತ್ತವೆ, ಯಾರೂ ಯಾರನ್ನೂ ಹೀಗೆ ಕರೆಯುವುದಿಲ್ಲ.

ಅದೂ ಅಲ್ಲದೆ ದೊಡ್ಡಪ್ಪನದು ಇನ್ನೊಂದು ಕಾಟ. ಪ್ರತಿ ತಿರುವಿನಲ್ಲೂ ಇಳಿದು ಬಿಡುತ್ತಿದ್ದರು. "ಟೈರಲ್ಲಿ ಗಾಳಿ ಇದೆಯಾ ನೋಡ್ತೀನಿ ತಡಿ," ಅಂದು ಹೆಬ್ಬೆರಳಲ್ಲಿ ಟೈರು ಒತ್ತುತ್ತಾ ನಿಲ್ಲುತ್ತಿದ್ದರು. ಗಾಳಿ ಕಲ್ಲಿನಷ್ಟು ಗಟ್ಟಿಯಾಗಿತ್ತು. ಆದರೂ ಒತ್ತುತ್ತಿದ್ದರು.

"ನೀನು ಹೋಗ್ತಿರು ಮಗಳೇ. ನಾನು ಬಂದೆ," ಅಂದರು ಈ ಸಲವೂ.

ವೆನಿಂಗ್ ಹೋದಳು. ತಿರುವು ದಾಟಿದ ಮೇಲೆ ಬಿದಿರು ಬೇಲಿಯ ಒಂದು ಸಣ್ಣ ಮನೆ ಸಿಕ್ಕಿತು. ಅಂಗಳದಲ್ಲಿ ಒಬ್ಬ ಅಜ್ಜಿ. ತಲೆಗೆ ಬಟ್ಟೆ ಸುತ್ತಿ, ಕೈಯಲ್ಲಿ ಒಂದು ಗಂಟು ಹಿಡಿದು, ಎಲ್ಲಿಗೋ ಹೊರಟು ನಿಂತಿದ್ದರು.

"ಬಾ ಮಗಾ, ಬಂದು ಹೋಗು!" ಅಂದರು ಅಜ್ಜಿ.

"ಸರಿ," ಅಂದಳು ವೆನಿಂಗ್.

ಸೈಕಲ್ಲನ್ನು ಬೇಲಿಗೆ ಒರಗಿಸಿ ಸೀದಾ ಹೋಗಿ ಜಗಲಿಯ ಮೇಲೆ ಕೂತುಬಿಟ್ಟಳು.

ಅಜ್ಜಿಯ ಬಾಯಿ ತೆರೆದದ್ದು ಒಂದು ಕ್ಷಣ ಹಾಗೇ ಇತ್ತು. ಆಮೇಲೆ ಅದು ನಗುವಾಯಿತು. "ಓ, ಬಾ ಬಾ, ಕೂತ್ಕೋ. ಪಾಪ, ಮುಖ ಎಲ್ಲ ಬಾಡಿಹೋಗಿದೆ," ಅಂದವರೇ ಒಳಗೆ ಓಡಿದರು. ಒಲೆ ಊದುವ ಸದ್ದು ಕೇಳಿಸಿತು. ಹಿತ್ತಲ ಬಾಗಿಲಿಂದ ಪಕ್ಕದ ಮನೆಯವರನ್ನು ಕೂಗಿ ಏನೋ ಕೇಳಿದ್ದೂ, "ಸಕ್ಕರೆ ತಾನೇ? ತಗೊಂಡೋಗು!" ಅಂತ ಉತ್ತರ ಬಂದದ್ದೂ ಕೇಳಿಸಿತು. ವೆನಿಂಗ್ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಕಾಲು ಚಾಚಿ ಕೂರುವುದು ಇಷ್ಟು ಸುಖ ಅಂತ ಅವಳಿಗೆ ಇವತ್ತಿನವರೆಗೆ ಗೊತ್ತಿರಲಿಲ್ಲ.

ಬಿಸಿ ಬಿಸಿ ಸಿಹಿ ಟೀ ಬಂತು. ಅದರ ಹಿಂದೆಯೇ ತಟ್ಟೆ ಬಂತು. ಜೋಳದ ಅನ್ನ, ಉಪ್ಪುಮೀನು, ಹಿಟ್ಟಲ್ಲಿ ಅದ್ದಿ ಕರಿದ ಸೋಯಾ ಕಾಳಿನ ತೆಂಪೆ, ಖಾರದ ಚಟ್ನಿ.

"ತಿನ್ನು ಮಗಾ. ಬಡವರ ಮನೆ ಊಟ."

ವೆನಿಂಗ್ ಬೇಡ ಅನ್ನಲಿಲ್ಲ. ಬೇಡ ಅನ್ನುವ ಯೋಚನೆಯೂ ಬರಲಿಲ್ಲ. ಅರ್ಧ ತಟ್ಟೆ ಖಾಲಿಯಾಗುವ ಹೊತ್ತಿಗೆ ಮನೆಯ ಹಿಂದಿನ ಹೊಲದಿಂದ ಒಂದು ಗಂಡಸಿನ ದನಿ ಬಂತು.

"ಏನೇ, ಊಟ ಎಲ್ಲೇ? ಹೊಟ್ಟೆ ತಾಳ ಹಾಕ್ತಿದೆ!"

"ತಡೀರಿ! ನೆಂಟರು ಬಂದಿದ್ದಾರೆ!" ಅಂತ ಅಜ್ಜಿ ಕೂಗಿದರು.

ವೆನಿಂಗ್‌ಳ ಕೈ ಬಾಯಿಯ ಹತ್ತಿರವೇ ನಿಂತಿತು. ಆಗ ನೋಡಿದಳು. ಅಜ್ಜಿ ಹಿಡಿದು ನಿಂತಿದ್ದ ಗಂಟು ಬಾಗಿಲ ಬಳಿ ಬಿಚ್ಚಿ ಬಿದ್ದಿತ್ತು. ಅದರೊಳಗಿನ ಡಬ್ಬಿ ಖಾಲಿ ಇತ್ತು. ಅಜ್ಜಿ ಒಲೆಯ ಮೇಲೆ ಮತ್ತೆ ಪಾತ್ರೆ ಇಡುತ್ತಿದ್ದರು.

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ವಾಪಸ್ ಹಾಕಿದಳು.

ಅಷ್ಟರಲ್ಲಿ ಬೇಲಿಯ ಬಳಿ ಬ್ರೇಕ್ ಹಿಡಿದ ಸದ್ದಾಯಿತು. ಹರ್ಜೊ ದೊಡ್ಡಪ್ಪ ವೆನಿಂಗ್‌ಳ ಸೈಕಲ್ಲನ್ನು ನೋಡಿದರು, ಜಗಲಿಯ ಮೇಲೆ ತಟ್ಟೆ ಹಿಡಿದು ಕೂತವಳನ್ನು ನೋಡಿದರು. ಅವರ ಮುಖ ಕೆಂಪಾಯಿತು. ಒಳಗೆ ಬಂದು ಸೊಂಟ ಬಾಗಿಸಿ ಅಜ್ಜಿಯ ಹತ್ತಿರ ಏನೇನೋ ಹೇಳಿದರು. ದೊಡ್ಡವರ ಜೊತೆ ಗೌರವದಿಂದ ಆಡುವ ಜಾವಾ ಭಾಷೆ ಅದು. ವೆನಿಂಗ್‌ಗೆ 'ಕ್ಷಮಿಸಿ' ಅನ್ನುವುದೊಂದು ಬಿಟ್ಟು ಬೇರೇನೂ ಅರ್ಥವಾಗಲಿಲ್ಲ. ಆ ಒಂದು ಪದ ಮಾತ್ರ ಮೇಲಿಂದ ಮೇಲೆ ಬರುತ್ತಿತ್ತು.

"ಅಯ್ಯೋ, ಕ್ಷಮೆ ಎಂಥದ್ದು! ಕರೆದಿದ್ದು ನಾನಲ್ಲವಾ? ನೀವೂ ಕೂತ್ಕೊಳ್ಳಿ, ಟೀ ಇದೆ," ಅಂದರು ಅಜ್ಜಿ.

ದೊಡ್ಡಪ್ಪ ಕೂತರು. ಕೂರುವಾಗ ಕಂಬ ಹಿಡಿದುಕೊಂಡರು. ಟೀ ಮುಗಿದ ಮೇಲೂ ಲೋಟ ಹಿಡಿದು ಸುಮ್ಮನೆ ಕೂತಿದ್ದರು. ಏಳಲು ಮನಸ್ಸೇ ಇಲ್ಲದವರ ಹಾಗೆ.

ರಸ್ತೆಗೆ ಬಂದ ಮೇಲೆ ವೆನಿಂಗ್ ಸಣ್ಣ ದನಿಯಲ್ಲಿ ಹೇಳಿದಳು. "ಅವರೇ ಕರೆದ್ರು ದೊಡ್ಡಪ್ಪ."

"ಕರೀತಾರೆ ಮಗಳೇ. ಕರೆಯೋದು ಅವರ ಮರ್ಯಾದೆ. 'ಇನ್ನೊಂದ್ಸಲ' ಅನ್ನೋದು ನಮ್ಮ ಮರ್ಯಾದೆ."

"ಅಂದ್ರೆ ಸುಮ್ನೆ ಬಾಯಿಮಾತಿಗೆ ಕರೆಯೋದಾ? ಅದೂ ಸುಳ್ಳಾ?"

ದೊಡ್ಡಪ್ಪ ತಿರುಗಿ ಆ ಮನೆಯ ಕಡೆ ನೋಡಿದರು. ಆಮೇಲೆ ಕೇಳಿದರು. "ಸುಳ್ಳಾಗಿದ್ರೆ ಗಂಡನ ಬುತ್ತಿ ಬಿಚ್ಚಿ ನಿಂಗೆ ಬಡಿಸ್ತಿದ್ರಾ?"

ವೆನಿಂಗ್ ತಲೆ ತಗ್ಗಿಸಿ ಪೆಡಲ್ ತುಳಿದಳು.

ಊಟದ ಪುಣ್ಯ, ಕಾಲಿಗೆ ಮತ್ತೆ ಬಲ ಬಂದಿತ್ತು. ಮಂಜು ಕೂಡ ಹರಿಯುತ್ತಿತ್ತು. ಒಂದು ಉದ್ದನೆಯ ಏರು ಮುಗಿದಾಗ ಮೇಲೆ, ಎರಡು ಬೆಟ್ಟಗಳ ನಡುವೆ, ಮಸೀದಿಯ ಹೊಳೆಯುವ ಗುಮ್ಮಟ ಕಾಣಿಸಿತು. ಅದರ ಕೆಳಗೆ ಬಣ್ಣಬಣ್ಣದ ಚುಕ್ಕಿಗಳು. ಅವಳ ಗುಂಪಿನವರ ಅಂಗಿಗಳು!

"ದೊಡ್ಡಪ್ಪ! ಮೂರೇ ತಿರುವು! ಈ ಸಲ ನಿಜವಾಗ್ಲೂ ಮೂರೇ!"

ಉತ್ತರ ಬರಲಿಲ್ಲ. ತಿರುಗಿ ನೋಡಿದಳು. ದೊಡ್ಡಪ್ಪ ತುಂಬ ಕೆಳಗೆ ಇದ್ದರು. ಸೈಕಲ್ ಮೇಲೆ ಇರಲಿಲ್ಲ, ಅದನ್ನು ಊರುಗೋಲಿನ ಹಾಗೆ ಹಿಡಿದು ನಡೆಯುತ್ತಿದ್ದರು. ಬಲಗಾಲನ್ನು ನೆಲಕ್ಕೆ ಊರುವಾಗಲೆಲ್ಲ ಮುಖ ಕಿವುಚುತ್ತಿದ್ದರು. ಅವಳು ನೋಡಿದ್ದು ಕಂಡ ಕೂಡಲೇ ನಿಂತು, ಬಗ್ಗಿ, ಟೈರು ಒತ್ತಿದರು.

ಟೈರು! ವೆನಿಂಗ್‌ಗೆ ಒಮ್ಮೆಲೇ ನಾಚಿಕೆಯಾಯಿತು. ಬೆಳಿಗ್ಗೆಯಿಂದ ಎಷ್ಟು ತಿರುವು ಬಂದವೋ ಅಷ್ಟು ಸಲ ಗಾಳಿ ನೋಡಿದ್ದರು. ಅಷ್ಟು ಸಲವೂ ತಾನು ಮನಸ್ಸಿನಲ್ಲಿ ಅವರನ್ನು ಬೈದಿದ್ದಳು.

ಸೈಕಲ್ ತಿರುಗಿಸಿ ಕೆಳಗೆ ಬಂದಳು. "ಮಂಡಿ ನೋವಾ ದೊಡ್ಡಪ್ಪ?"

"ಏ, ಎಂಥ ನೋವು! ಸ್ವಲ್ಪ ವಾಕಿಂಗ್ ಮಾಡೋಣ ಅಂತ. ನೀನ್ಯಾಕೆ ವಾಪಸ್ ಬಂದೆ? ಹೋಗು, ಹೋಗು. ನಮಾಜಿಗೆ ಇನ್ನೂ ಸಮಯ ಇದೆ, ಆರಾಮಾಗಿ ಮುಟ್ತೀಯ. ನಿನ್ನ ಹಿಂದೇನೇ ನಾನು."

ಹಿಂದೆ ಹೇಗೆ ಬರುತ್ತಾರೆ? ಈ ಕಾಲಲ್ಲಿ ಸಂಜೆಯಾಗುತ್ತದೆ.

ಮೇಲಿನಿಂದ ಹಾರ್ನ್ ಕೇಳಿಸಿತು. ಪಿಕಪ್ ಇಳಿದು ಬಂದು ಅವರ ಪಕ್ಕ ನಿಂತಿತು. ಡ್ರೈವರ್ ಪೊನಿಮನ್ ಚಿಕ್ಕಪ್ಪ ಆಗಲೇ ನಮಾಜಿನ ಟೋಪಿ ಹಾಕಿಕೊಂಡಿದ್ದರು. "ನೋಡ್ಕೊಂಡ್ ಬಾ ಅಂತ ಕ್ಯಾಪ್ಟನ್ ಕಳಿಸಿದ್ರು. ಯಾರಾದ್ರೂ ಲೋಡಿಂಗ್ ಇದೀರಾ?"

"ಯಾರೂ ಇಲ್ಲ!" ದೊಡ್ಡಪ್ಪ ಥಟ್ಟನೆ ಅಂದರು. "ವೆನಿಂಗ್ ತುಳೀತಾಳೆ. ಫುಲ್ ಗೊವೆಸ್ ಹುಡುಗಿ ಇದು!"

"ಹಾಗಾದ್ರೆ ನೀವಾದ್ರೂ ಹತ್ತಿ ಅಣ್ಣಾ. ಕಾಲು ಎಳೀತಾ ಇದೀರಲ್ಲ."

"ನಾನಾ? ಇಷ್ಟು ವರ್ಷದಲ್ಲಿ ಪೊರಕೆ ಯಾವತ್ತಾದ್ರೂ ಲೋಡಿಂಗ್ ಆಗಿದ್ದು ನೋಡಿದೀಯೇನಯ್ಯಾ? ಹುಡುಗಿ ತುಳೀತಿರೋವಾಗ ನಾನು ಗಾಡೀಲಿ ಕೂರೋದಾ? ಮೇಲೆ ನಿಂತಿರೋರು ನಕ್ಕು ನಕ್ಕು ಸಾಯ್ತಾರೆ."

"ದೊಡ್ಡಪ್ಪ, ಹತ್ತಿ. ನಾನು ಒಬ್ಬಳೇ ಹೋಗ್ತೀನಿ. ಮೂರೇ ತಿರುವು ಅಲ್ವಾ?" ಅಂದಳು ವೆನಿಂಗ್.

ದೊಡ್ಡಪ್ಪ ತಲೆ ಬಾಗಿಸಿ ನಕ್ಕರು. "ಆಗ್ಲಿ, ಇನ್ನೊಂದ್ಸಲ."

ಜಗಲಿಯವರಿಗೆ ಹೇಳಿದ್ದ ಅದೇ ಮಾತು, ಅದೇ ನಗು. ಅವರ ಹಣೆಯಲ್ಲಿ ಬೆವರು ಮಣಿಮಣಿಯಾಗಿ ನಿಂತಿತ್ತು, ಇಷ್ಟು ಚಳಿಯಲ್ಲೂ.

ಪೊನಿಮನ್ ಚಿಕ್ಕಪ್ಪ ಗಡಿಯಾರ ನೋಡಿದರು. "ನಂಗೆ ಲೇಟಾಗುತ್ತೆ. ಹಾಗಾದ್ರೆ ಹೋಗ್ಲಾ?" ಗಾಡಿ ತಿರುಗಿಸಲು ಗೇರ್ ಹಾಕಿದರು.

ವೆನಿಂಗ್ ಮೇಲೆ ನೋಡಿದಳು. ಗುಮ್ಮಟ ಇನ್ನೂ ಹೊಳೆಯುತ್ತಿತ್ತು. ಕಾಲಲ್ಲಿ ಬಲ ಇತ್ತು. ಈಗ ಹೊರಟರೆ ಸತ್ರಿಯೊನ ಮೂಗಿನ ಮುಂದೆ ಬೆಲ್ ಹೊಡೆದುಕೊಂಡು ಹೋಗಿ ನಿಲ್ಲಬಹುದು. ಹಳದಿ ಬಟ್ಟೆಯ ತುಂಡು, ಬ್ಯಾಗಿನ ಮೇಲಿನ ಆ ಜಾಗ, ಎಲ್ಲ ಕಣ್ಣ ಮುಂದೆ ಬಂತು.

"ಅಮ್ಮಾ!" ಅಂದಳು ವೆನಿಂಗ್. ಸೈಕಲ್ ಬಿಟ್ಟು ರಸ್ತೆ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತಳು.

"ಏನಾಯ್ತು?" ಇಬ್ಬರೂ ಒಟ್ಟಿಗೆ ಕೇಳಿದರು.

"ಕಾಲು! ಕಾಲು ಹಿಡ್ಕೊಂಡಿದೆ. ನನ್ನ ಕೈಲಾಗಲ್ಲ ದೊಡ್ಡಪ್ಪ. ಲೋಡಿಂಗ್... ನಂಗೆ ಲೋಡಿಂಗ್."

ಹಾಗೆ ಅನ್ನುವಾಗ ಅಳು ಬಂದೇ ಬಿಟ್ಟಿತು. ಕಾಲಿನ ನೋವು ಸುಳ್ಳು, ಅಳು ಸುಳ್ಳಾಗಿರಲಿಲ್ಲ. ಅದನ್ನು ನೋಡಿ ಪೊನಿಮನ್ ಚಿಕ್ಕಪ್ಪ ಗಾಬರಿಯಿಂದ ಇಳಿದು ಬಂದು ಅವಳ ಸೈಕಲ್ಲನ್ನು ಎತ್ತಿ ಗಾಡಿಗೆ ಹಾಕಿದರು.

ದೊಡ್ಡಪ್ಪ ಮಾತ್ರ ಅವಳನ್ನೇ ನೋಡುತ್ತಾ ನಿಂತಿದ್ದರು.

"ಬಾಲ ಲೋಡಿಂಗ್ ಆದ್ರೆ ಪೊರಕೇನೂ ಬರಬೇಕಲ್ವಾ? ರೂಲ್ಸ್," ಅಂದಳು ವೆನಿಂಗ್, ಮೂಗು ಒರೆಸಿಕೊಳ್ಳುತ್ತಾ.

"ಹೌದು," ಅಂದರು ದೊಡ್ಡಪ್ಪ ನಿಧಾನವಾಗಿ. "ರೂಲ್ಸ್ ಅಂದ್ರೆ ರೂಲ್ಸ್."

ದೊಡ್ಡಪ್ಪನ ಸೈಕಲ್ಲೂ ಗಾಡಿ ಸೇರಿತು. ಗಾಡಿಯ ಹಿಂಭಾಗದಲ್ಲಿ ಬ್ಯಾಗುಗಳ ನಡುವೆ ಇಬ್ಬರೂ ಕೂತರು. ಗಾಡಿ ಹೊರಟಿತು. ದೊಡ್ಡಪ್ಪ ಜೇಬಿನಿಂದ ನೋವಿನ ಮುಲಾಮಿನ ಪುಟ್ಟ ಡಬ್ಬಿ ತೆಗೆದರು.

"ಯಾವ ಕಾಲು?"

ವೆನಿಂಗ್ ಅದನ್ನು ಯೋಚಿಸಿಯೇ ಇರಲಿಲ್ಲ. "ಎ... ಎಡಗಾಲು."

ದೊಡ್ಡಪ್ಪ ಗಂಭೀರವಾಗಿ ಅವಳ ಎಡಗಾಲಿಗೆ ಮುಲಾಮು ಹಚ್ಚಿ ತಿಕ್ಕಿದರು. ಏನೂ ಆಗಿರದ ಕಾಲು ಖಾರ ಹತ್ತಿದ ಹಾಗೆ ಉರಿಯಿತು. ವೆನಿಂಗ್ ಹಲ್ಲು ಕಚ್ಚಿ ಕೂತಳು.

"ನೋವಾ?"

"ಹೂಂ. ತುಂಬಾ."

"ಅಯ್ಯೋ, ಕೈಗೆ ಜಾಸ್ತಿ ಬಂದ್ಬಿಡ್ತು. ವೇಸ್ಟ್ ಮಾಡಬಾರದು," ಅನ್ನುತ್ತಾ ದೊಡ್ಡಪ್ಪ ತಮ್ಮ ಬಲ ಮಂಡಿಗೂ ಹಚ್ಚಿಕೊಂಡರು. ಮಂಡಿ ಊದಿ ದಪ್ಪಗಾಗಿತ್ತು. ವೆನಿಂಗ್ ಆ ಕಡೆ ನೋಡದೆ ಹೊಗೆಸೊಪ್ಪಿನ ಹೊಲ ನೋಡುತ್ತಾ ಕೂತಳು. ಅವರು ಎರಡು ಸಲ, ಮೂರು ಸಲ ಡಬ್ಬಿಯಿಂದ ತೆಗೆದು ಹಚ್ಚಿಕೊಂಡದ್ದು ಅವಳಿಗೆ ವಾಸನೆಯಲ್ಲೇ ಗೊತ್ತಾಯಿತು.

ಮೂರು ತಿರುವು ಬೇಗ ಮುಗಿದವು. ಗಾಡಿ ಮಸೀದಿಯ ಮುಂದೆ ನಿಲ್ಲುವ ಮೊದಲೇ ಸತ್ರಿಯೊನ ದನಿ ಬಂತು.

"ಲೋಡಿಂಗ್! ಲೋಡಿಂಗ್! ಹೇಳಿರಲಿಲ್ವಾ ನಾನು? ವೆನಿಂಗ್ ಲೋಡಿಂಗ್!"

ಗುಂಪಿನವರು ನಕ್ಕರು. ವೆನಿಂಗ್‌ಗೆ ಕಿವಿ ಬಿಸಿಯಾಯಿತು. ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು, ನಗು ನಿಂತು ಹೋಗುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

ಅಪ್ಪ ಓಡಿ ಬಂದರು. "ಏನಾಯ್ತು ಮಗಳೇ?"

"ಕಾಲು ನೋವು."

"ಯಾವ ಕಾಲು?"

"ಎಡಗಾಲು," ಅಂದರು ದೊಡ್ಡಪ್ಪ, ಅವಳಿಗಿಂತ ಮೊದಲೇ. "ಪಾಪ, ಬಹಳ ನೋವು. ತಡಿ, ನಾನೇ ಇಳಿಸ್ತೀನಿ."

ಅವರು ವೆನಿಂಗ್‌ಳ ಹೆಗಲ ಮೇಲೆ ಕೈ ಇಟ್ಟರು. ಒಂದು ಕಾಲು ಕೆಳಗಿಟ್ಟು, ನಿಂತು, ಉಸಿರು ಬಿಟ್ಟು, ಇನ್ನೊಂದನ್ನು ಇಟ್ಟರು. ನೋಡಿದವರಿಗೆ ದೊಡ್ಡಪ್ಪ ಹುಡುಗಿಯನ್ನು ಹಿಡಿದು ಇಳಿಸುತ್ತಿದ್ದಾರೆ ಅನ್ನಿಸಿತು. ಹೆಗಲ ಮೇಲೆ ಎಷ್ಟು ಭಾರ ಬಿದ್ದಿದೆ ಅನ್ನುವುದು ವೆನಿಂಗ್‌ಗೆ ಮಾತ್ರ ಗೊತ್ತಿತ್ತು.

ಮಸೀದಿಯಿಂದ ಆಜಾನ್ ಕೇಳಿಸಿತು. ಎಲ್ಲರೂ ಕೈಕಾಲು ತೊಳೆಯಲು ನಲ್ಲಿಯ ಕಡೆ ಹೊರಟರು.

"ನಿಧಾನ," ಅಂದಳು ವೆನಿಂಗ್ ಮೆಲ್ಲಗೆ, ಅವರಿಗೆ ಮಾತ್ರ ಕೇಳುವ ಹಾಗೆ.

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮೆಟ್ಟಿಲ ಕಡೆಗೆ ನಡೆದರು. ಅವರು ಬಲಗಾಲು ಕುಂಟುತ್ತಾ, ಅವಳು ಎಡಗಾಲು ಕುಂಟುತ್ತಾ.